ಪೋಸ್ಟರಿನ ನಗುವಿನಿಂದ ಉರಿಯುವ ಹಾಸಿಗೆಯವರೆಗೆ

(ನಮ್ಮ ಊರಿನ ಮಹಿಳಾ ಗುಂಪಿನ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

‘ದೃಶ್ಯ ಮಾಧ್ಯಮ ಮತ್ತು ಮಹಿಳೆ’ ಎಂಬ ವಿಷಯ ಕೊಟ್ಟು ನನ್ನನ್ನು ಇಲ್ಲಿಗೆ ಕರೆದಿದ್ದೀರಿ. ಬಹಳ ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು ನಾನು. ವಿಷಯ ಇಷ್ಟು ದೊಡ್ಡದಾದಾಗ ಅದನ್ನು ಯಾರಾದರೂ ಒಬ್ಬಳ ಬದುಕಿಗೆ ಇಳಿಸಿಕೊಳ್ಳದೆ ಮಾತಾಡುವುದು ನನಗೆ ಆಗುವುದಿಲ್ಲ. ಹಾಗಾಗಿ ಅಮೆರಿಕದ ಒಬ್ಬ ನಟಿಯ ಕಥೆ ಹೇಳುತ್ತೇನೆ. ಆಕೆಯ ಹೆಸರು ಫರಾ ಫಾಸೆಟ್. ಜಾಹೀರಾತುಗಳ ರೂಪದರ್ಶಿಯಾಗಿದ್ದು, ಆಮೇಲೆ ಟೆಲಿವಿಷನ್ ನಟಿಯಾದವಳು. ಶಾಂಪೂ ಮಾರುವ ಹುಡುಗಿಗೂ ನಾವು ದಿನನಿತ್ಯ ಎದುರಿಸುವ ವರದಕ್ಷಿಣೆ, ಹೊಡೆತ ಬಡಿತಗಳ ಪ್ರಶ್ನೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ.

ಫರಾ ಹುಟ್ಟಿದ್ದು 1947ರ ಫೆಬ್ರವರಿ 2ರಂದು, ಟೆಕ್ಸಾಸ್ ರಾಜ್ಯದ ಕಾರ್ಪಸ್ ಕ್ರಿಸ್ಟಿ ಎಂಬ ಊರಿನಲ್ಲಿ. ಆಸ್ಟಿನ್ ನಗರದ ವಿಶ್ವವಿದ್ಯಾನಿಲಯ ಸೇರಿದ ಮೊದಲ ವರ್ಷವೇ ಅಲ್ಲಿನ ಹತ್ತು ಮಂದಿ ಅತಿ ಸುಂದರ ವಿದ್ಯಾರ್ಥಿನಿಯರಲ್ಲಿ ಒಬ್ಬಳೆಂದು ಆಯ್ಕೆಯಾದಳು. ಓದಲು ಬಂದ ಹುಡುಗಿಯರಲ್ಲಿ ಯಾರು ಚೆಲುವೆ ಎಂದು ಪಟ್ಟಿ ಮಾಡುವ ಚಾಳಿ ಆ ದೇಶದಲ್ಲೂ ಇತ್ತು. ಆ ಫೋಟೋ ಹಾಲಿವುಡ್ ತಲುಪಿತು. ಕರೆ ಬಂತು. 1968ರಲ್ಲಿ ಓದು ಮುಗಿಸದೆಯೇ ಆಕೆ ಲಾಸ್ ಏಂಜಲೀಸ್ ಸೇರಿದಳು. ಚಿತ್ರಕಲೆ, ಶಿಲ್ಪಕಲೆಗಳಲ್ಲಿ ಆಸಕ್ತಿಯಿದ್ದ ಹುಡುಗಿ ಟೂತ್‌ಪೇಸ್ಟ್, ಮುಖಕ್ಕೆ ಹಚ್ಚುವ ಕ್ರೀಮು, ಶಾಂಪೂಗಳ ಜಾಹೀರಾತುಗಳಲ್ಲಿ ಹಲ್ಲು, ಚರ್ಮ, ಕೂದಲು ತೋರಿಸುತ್ತ ಕೆಲವು ವರ್ಷ ಕಳೆದಳು. ನಡುನಡುವೆ ಧಾರಾವಾಹಿಗಳಲ್ಲಿ ಸಣ್ಣಪುಟ್ಟ ಪಾತ್ರಗಳು. 1973ರಲ್ಲಿ ಲೀ ಮೇಜರ್ಸ್ ಎಂಬ ಟಿವಿ ನಟನನ್ನು ಮದುವೆಯಾದಳು.

1976ರಲ್ಲಿ ಎರಡು ಸಂಗತಿಗಳು ಆಕೆಯ ಹೆಸರನ್ನು ಮನೆಮಾತಾಗಿಸಿದವು. ಒಂದು, ಕೆಂಪು ಈಜುಡುಗೆ ತೊಟ್ಟು ನಗುತ್ತ ಕುಳಿತ ಒಂದು ಪೋಸ್ಟರ್. ಅದು ಲಕ್ಷಗಟ್ಟಲೆ ಖರ್ಚಾಯಿತು. ಗಂಡುಹುಡುಗರ ಕೋಣೆಯ ಗೋಡೆಗಳ ಮೇಲೆಲ್ಲ ಅದೇ ನಗು. ಆ ಈಜುಡುಗೆ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೊಂದು, ‘ಚಾರ್ಲೀಸ್ ಏಂಜಲ್ಸ್’ ಎಂಬ ಧಾರಾವಾಹಿ. ಮೂವರು ಹೆಣ್ಣುಮಕ್ಕಳು ಪತ್ತೇದಾರರಾಗಿ ಕಳ್ಳರನ್ನು ಹಿಡಿಯುತ್ತಾರೆ, ಬಂದೂಕು ಹಿಡಿಯುತ್ತಾರೆ. ನೋಡಿದರೆ ಸ್ತ್ರೀ ಸ್ವಾತಂತ್ರ್ಯದ ಕಥೆ ಅನ್ನಿಸಬೇಕು. ಆದರೆ ಅವರ ಯಜಮಾನ ಚಾರ್ಲಿ ಎಂಬವನ ಮುಖ ನಮಗೆ ಕಾಣಿಸುವುದಿಲ್ಲ. ಫೋನಿನ ಪೆಟ್ಟಿಗೆಯೊಳಗಿಂದ ಅವನ ದನಿ ಮಾತ್ರ ಬರುತ್ತದೆ. ಆ ದನಿ ಆಜ್ಞೆ ಮಾಡುತ್ತದೆ, ಮೂವರೂ ಹೊರಡುತ್ತಾರೆ. ನಮ್ಮ ಎಷ್ಟೋ ಮನೆಗಳು ನಡೆಯುವುದೂ ಹೀಗೆಯೇ ಅಲ್ಲವೇ?

ಆ ಧಾರಾವಾಹಿಯ ಶೀರ್ಷಿಕೆಗಳಲ್ಲಿ ಆಕೆಯ ಹೆಸರು ಫರಾ ಫಾಸೆಟ್-ಮೇಜರ್ಸ್ ಎಂದಿತ್ತು, ಗಂಡನ ಹೆಸರು ಸೇರಿಸಿಕೊಂಡು. ಗಂಡನಿಗೆ ರಾತ್ರಿಯ ಅಡುಗೆ ಮಾಡಲು ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬೇಕೆಂಬ ಷರತ್ತು ಆಕೆಯ ಕರಾರಿನಲ್ಲಿದೆ ಎಂದು ಆಗಿನ ಪತ್ರಿಕೆಗಳು ಮೆಚ್ಚುಗೆಯಿಂದ ಬರೆದವು. ಹೊರಗೆ ದುಡಿಯುವ ಹೆಣ್ಣನ್ನು ಸಮಾಜ ಒಪ್ಪಬೇಕಾದರೆ ಅವಳು ಒಲೆಯ ಮುಂದೆಯೂ ಹಾಜರಿ ಹಾಕಬೇಕು. ಈ ವಿಷಯದಲ್ಲಿ ಹಾಲಿವುಡ್ಡೂ ಒಂದೇ, ಹಾವೇರಿಯೂ ಒಂದೇ.

ಒಂದೇ ವರ್ಷಕ್ಕೆ ಆಕೆ ಆ ಧಾರಾವಾಹಿ ಬಿಟ್ಟಳು. ಆಗ ಅದು ಅಮೆರಿಕದ ಅತಿ ಜನಪ್ರಿಯ ಕಾರ್ಯಕ್ರಮಗಳಲ್ಲಿ ಒಂದು. ನಿರ್ಮಾಪಕರು ಕೋರ್ಟಿಗೆ ಹೋದರು. ಕೊನೆಗೆ ಕೆಲವು ಕಂತುಗಳಲ್ಲಿ ಅತಿಥಿಯಾಗಿ ಬಂದುಹೋಗುವ ಒಪ್ಪಂದವಾಯಿತು. ಆ ನಂತರ ನಟಿಸಿದ ಸಿನಿಮಾಗಳು ಒಂದಾದ ಮೇಲೊಂದು ಸೋತವು. ಕೂದಲು ಬಿಟ್ಟರೆ ಇವಳಲ್ಲಿ ಬೇರೇನೂ ಇಲ್ಲ ಎಂದು ವಿಮರ್ಶಕರು ಹಾಸ್ಯ ಮಾಡಿದರು. 1979ರಲ್ಲಿ ಗಂಡನಿಂದ ದೂರವಾದಳು, 1982ರಲ್ಲಿ ವಿಚ್ಛೇದನವಾಯಿತು. ಆಕೆಯ ಕಥೆ ಇಲ್ಲಿಗೆ ಮುಗಿಯಿತೆಂದೇ ಎಲ್ಲರೂ ಅಂದುಕೊಂಡಿದ್ದರು.

ಆದರೆ 1983ರಲ್ಲಿ ಆಕೆ ನ್ಯೂಯಾರ್ಕಿನ ಒಂದು ಸಣ್ಣ ರಂಗಮಂದಿರದಲ್ಲಿ ‘ಎಕ್ಸ್‌ಟ್ರಿಮಿಟೀಸ್’ ಎಂಬ ನಾಟಕಕ್ಕೆ ಬಣ್ಣ ಹಚ್ಚಿದಳು. ಅತ್ಯಾಚಾರ ಮಾಡಲು ಮನೆಗೆ ನುಗ್ಗಿದವನನ್ನೇ ಕಟ್ಟಿಹಾಕುವ ಹೆಣ್ಣಿನ ಪಾತ್ರ. ರಾತ್ರಿ ರಾತ್ರಿ ವೇದಿಕೆಯ ಮೇಲೆ ಬಿದ್ದು, ಎದ್ದು, ಹೊಡೆದಾಡಬೇಕಾದ ಪಾತ್ರ. ಅದಾದ ಮರುವರ್ಷ ಬಂದದ್ದು ‘ದಿ ಬರ್ನಿಂಗ್ ಬೆಡ್’, ಅಂದರೆ ಉರಿಯುವ ಹಾಸಿಗೆ. 1984ರ ಅಕ್ಟೋಬರ್ 8ರಂದು ಎನ್‌ಬಿಸಿ ವಾಹಿನಿಯಲ್ಲಿ ಪ್ರಸಾರವಾದ ಟೆಲಿಚಿತ್ರ. ನಿರ್ದೇಶಕ ರಾಬರ್ಟ್ ಗ್ರೀನ್‌ವಾಲ್ಡ್. ಫೇತ್ ಮೆಕ್‌ನಲ್ಟಿ ಎಂಬ ಲೇಖಕಿ 1980ರಲ್ಲಿ ಬರೆದ ಪುಸ್ತಕವನ್ನು ಆಧರಿಸಿದ್ದು. ಅದು ನಡೆದ ಕಥೆ.

ಮಿಶಿಗನ್ ರಾಜ್ಯದ ಡ್ಯಾನ್ಸ್‌ವಿಲ್ ಎಂಬ ಹಳ್ಳಿ. ಫ್ರಾನ್ಸೀನ್ ಹ್ಯೂಸ್ ಹದಿನಾರನೆಯ ವಯಸ್ಸಿಗೇ ಮದುವೆಯಾದವಳು. ನಾಲ್ಕು ಮಕ್ಕಳು. ಮದುವೆಯಾದ ಸ್ವಲ್ಪ ದಿನಕ್ಕೇ ಹೊಡೆತ ಶುರು. ತಾಳಲಾರದೆ 1971ರಲ್ಲಿ ವಿಚ್ಛೇದನ ಪಡೆದಳು. ಅಷ್ಟರಲ್ಲಿ ಅವನಿಗೆ ಕಾರು ಅಪಘಾತವಾಯಿತು. ಕರುಣೆಯಿಂದಲೋ, ಅವನ ಕಡೆಯವರ ಒತ್ತಾಯದಿಂದಲೋ ಆರೈಕೆಗೆಂದು ಹತ್ತಿರ ಬಂದವಳು ಮತ್ತೆ ಅದೇ ಬೋನಿಗೆ ಬಿದ್ದಳು. ಮುಂದೆ, ನಾಲ್ಕು ಕಾಸು ಸ್ವಂತವಾಗಿ ದುಡಿಯೋಣವೆಂದು ತರಬೇತಿ ಕಾಲೇಜಿಗೆ ಸೇರಿದಳು. 1977ರ ಮಾರ್ಚ್ 9ರಂದು ಅವನು ಹೊಡೆದು, ಅವಳ ಪಠ್ಯಪುಸ್ತಕಗಳನ್ನು ಅವಳ ಕೈಯಿಂದಲೇ ಸುಡಿಸಿದ. ಪೊಲೀಸರು ಬಂದರು, ಬಂದವರು ಹಾಗೆಯೇ ಹೋದರು. ತಮ್ಮ ಕಣ್ಣೆದುರಿಗೆ ಹೊಡೆದಿಲ್ಲವಾದ್ದರಿಂದ ಬಂಧಿಸುವಂತಿಲ್ಲ ಎಂಬುದು ಅವರ ನಿಲುವು. ಆ ರಾತ್ರಿ ಅವನು ಬಲಾತ್ಕಾರ ಮಾಡಿ ನಿದ್ದೆ ಹೋದ. ಫ್ರಾನ್ಸೀನ್ ಮಕ್ಕಳನ್ನು ಕಾರಿನಲ್ಲಿ ಕೂರಿಸಿ, ಹಾಸಿಗೆಯ ಸುತ್ತ ಪೆಟ್ರೋಲ್ ಸುರಿದು, ಕಡ್ಡಿ ಗೀರಿದಳು. ಅಲ್ಲಿಂದ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ಒಪ್ಪಿಕೊಂಡಳು.

ವಿಚಾರಣೆ ಮುಗಿಯುವತನಕ ತಿಂಗಳುಗಟ್ಟಲೆ ಜೈಲಿನಲ್ಲಿದ್ದಳು. ನವೆಂಬರ್ 3ರಂದು ಜ್ಯೂರಿಯವರು ಆಕೆ ನಿರ್ದೋಷಿ ಎಂದರು. ಕಾರಣ? ತಾತ್ಕಾಲಿಕ ಬುದ್ಧಿಭ್ರಮಣೆ. ಈ ಮಾತನ್ನು ನೀವು ಗಮನಿಸಬೇಕು. ಹದಿಮೂರು ಹದಿನಾಲ್ಕು ವರ್ಷ ಹೊಡೆದವನ ಬುದ್ಧಿಯ ಬಗ್ಗೆ ಯಾವ ಕೋರ್ಟೂ ಪ್ರಶ್ನೆ ಎತ್ತಲಿಲ್ಲ. ಅವಳು ಬಿಡುಗಡೆಯಾಗಬೇಕಾದರೆ ತಾನು ಹುಚ್ಚಿ ಎಂದು ಒಪ್ಪಿಕೊಳ್ಳಬೇಕಾಯಿತು. ಕೊಂದದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಆ ಕಡ್ಡಿ ಗೀರುವ ಮೊದಲು ಅವಳು ತಟ್ಟಿದ ಬಾಗಿಲುಗಳಲ್ಲಿ ಒಂದಾದರೂ ತೆರೆದಿದ್ದರೆ ಒಂದು ಜೀವ ಉಳಿಯುತ್ತಿತ್ತು, ನಾಲ್ಕು ಮಕ್ಕಳಿಗೆ ಆ ರಾತ್ರಿಯ ನೆನಪು ಇರುತ್ತಿರಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಈ ಫ್ರಾನ್ಸೀನಳ ಪಾತ್ರವನ್ನು ಫರಾ ಮಾಡಿದಳು. ಆ ಪ್ರಸಿದ್ಧ ಕೂದಲು ಅಲ್ಲಿ ಎಣ್ಣೆ ಕಾಣದೆ ಜೋತುಬಿದ್ದಿದೆ. ಕಣ್ಣು ಬಾತಿದೆ, ತುಟಿ ಒಡೆದಿದೆ. ಆ ರಾತ್ರಿ ಕೋಟಿಗಟ್ಟಲೆ ಜನ ಅದನ್ನು ನೋಡಿದರು. ಆ ವಾಹಿನಿಯ ಟೆಲಿಚಿತ್ರಗಳಲ್ಲೇ ಅತಿ ಹೆಚ್ಚು ಜನ ನೋಡಿದ ಚಿತ್ರಗಳ ಸಾಲಿಗೆ ಅದು ಸೇರಿತು. ಚಿತ್ರದ ಜೊತೆಗೆ ಸಹಾಯವಾಣಿಯ ಸಂಖ್ಯೆಯನ್ನೂ ಕೊಟ್ಟಿದ್ದರು. ಮನರಂಜನೆಯ ಚಿತ್ರವೊಂದರ ಜೊತೆ ಹಾಗೆ ಕೊಟ್ಟದ್ದು ಆಗ ಹೊಸದು. ಫರಾಗೆ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನವಾಯಿತು. ಪ್ರಶಸ್ತಿ ಸಿಗಲಿಲ್ಲ. ಆದರೆ ನಟಿ ಎಂಬ ಮನ್ನಣೆ ಸಿಕ್ಕಿತು.

ಆ ಚಿತ್ರ ಪ್ರಸಾರವಾದ ಮಾರನೆಯ ದಿನ, 1984ರ ಅಕ್ಟೋಬರ್ 9ರಂದು, ಹೊಡೆಸಿಕೊಂಡ ಹೆಂಗಸರ ಆಶ್ರಯಧಾಮಗಳಿಗೆ ಕೇಂದ್ರದಿಂದ ಹಣ ಒದಗಿಸುವ ಕಾನೂನಿಗೆ ಅಮೆರಿಕದಲ್ಲಿ ಸಹಿ ಬಿತ್ತು. ಚಿತ್ರದಿಂದಲೇ ಕಾನೂನು ಬಂತು ಎಂದು ಹೇಳಿದರೆ ತಪ್ಪಾಗುತ್ತದೆ. ಆ ಕಾನೂನಿಗಾಗಿ ಅಲ್ಲಿನ ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ದುಡಿದಿದ್ದವು. ಕ್ಯಾಮೆರಾ ಬರುವುದಕ್ಕೆ ಎಷ್ಟೋ ಮುಂಚೆ ಹೆಸರಿಲ್ಲದ ಹೆಂಗಸರು ತಮ್ಮ ಮನೆಯ ಪಡಸಾಲೆಗಳಲ್ಲಿ ಚಾಪೆ ಹಾಸಿ, ಓಡಿಬಂದವರಿಗೆ ಜಾಗ ಕೊಟ್ಟಿದ್ದರು. ಇನ್ನೊಂದು ಕಹಿ ಸಂಗತಿಯನ್ನೂ ಮುಚ್ಚಿಡಬಾರದು. ಮಿಲ್ವಾಕಿ ನಗರದಲ್ಲಿ ಒಬ್ಬ ಗಂಡ ಈ ಚಿತ್ರ ನೋಡಿದ ಮೇಲೆ, ತನ್ನಿಂದ ದೂರವಾಗಿದ್ದ ಹೆಂಡತಿಗೇ ಬೆಂಕಿ ಹಚ್ಚಿದ. ಒಂದೇ ಚಿತ್ರದಿಂದ ಒಬ್ಬಳು ಧೈರ್ಯ ಕಲಿಯುತ್ತಾಳೆ, ಒಬ್ಬ ಉಪಾಯ ಕಲಿಯುತ್ತಾನೆ. ಟಿವಿಯನ್ನು ನಂಬಿ ನಾವು ಕೈಕಟ್ಟಿ ಕೂರುವಂತಿಲ್ಲ.

ನನ್ನನ್ನು ಬಹಳ ಕಾಡುವ ಪ್ರಶ್ನೆ ಒಂದಿದೆ. ಹೊಡೆಸಿಕೊಳ್ಳುವ ಹೆಂಗಸು ಅಮೆರಿಕದ ಪ್ರತಿ ಬೀದಿಯಲ್ಲೂ ಇದ್ದಳು. ಅವಳನ್ನು ಕಾಣಲು ಆ ದೇಶಕ್ಕೆ ತಾನು ಅತಿ ಚೆಲುವೆಯೆಂದು ಮೆಚ್ಚಿಕೊಂಡ ಮುಖಕ್ಕೇ ಬಾಸುಂಡೆ ಬರೆಯಬೇಕಾಯಿತೇಕೆ? ‘ಇಷ್ಟು ಚೆಂದದ ಹೆಣ್ಣಿಗೂ ಹೀಗೆ ಹೊಡೆಯುತ್ತಾರೆಯೇ’ ಎಂದು ಮರುಗುವವರು, ಚೆಂದವಿಲ್ಲದವಳಿಗೆ ಹೊಡೆದರೆ ಏನನ್ನುತ್ತಾರೆ? ನಮ್ಮಲ್ಲೂ ಸತ್ತ ಸೊಸೆಯ ಬಗ್ಗೆ ‘ಬಂಗಾರದಂಥ ಹುಡುಗಿ’ ಎನ್ನುತ್ತೇವೆ. ಬಂಗಾರದಂತೆ ಇಲ್ಲದವಳ ಜೀವಕ್ಕೆ ಬೆಲೆ ಕಡಿಮೆಯೇ?

ಇಂಗ್ಲೆಂಡಿನಲ್ಲಿ ಕಿರಣ್‌ಜಿತ್ ಅಹ್ಲುವಾಲಿಯಾ ಎಂಬ ಪಂಜಾಬಿ ಹೆಣ್ಣುಮಗಳು 1989ರಲ್ಲಿ ಇದೇ ರೀತಿ ಹತ್ತು ವರ್ಷದ ಹಿಂಸೆಯ ಕೊನೆಗೆ ಮಲಗಿದ್ದ ಗಂಡನಿಗೆ ಬೆಂಕಿ ಇಟ್ಟಳು. ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಮಹಿಳಾ ಸಂಘಟನೆ ಹೋರಾಡಿ 1992ರಲ್ಲಿ ಬಿಡಿಸಿಕೊಂಡಿತು. ಆ ಕಥೆ 2006ರಲ್ಲಿ ‘ಪ್ರೊವೋಕ್ಡ್’ ಎಂಬ ಚಿತ್ರವಾದಾಗ ಆಕೆಯ ಪಾತ್ರ ಮಾಡಿದ್ದು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ. ಅಲ್ಲೂ ಒಬ್ಬ ರೂಪದರ್ಶಿ, ಅಲ್ಲೂ ವಿಶ್ವಸುಂದರಿಯ ಮುಖ. ಆ ನಟಿಯರನ್ನು ನಾನು ದೂರುತ್ತಿಲ್ಲ. ತಮಗಿದ್ದ ಬೆಲೆಯನ್ನು ಅವರು ಒಳ್ಳೆಯ ಕೆಲಸಕ್ಕೆ ಬಳಸಿದರು. ನೋಡುವ ನಮ್ಮ ಕಣ್ಣಿನ ಬಗ್ಗೆ ನನ್ನ ತಕರಾರು.

ಫರಾಳ ಬದುಕಿನ ಒಂದು ಘಟನೆ ಇನ್ನೂ ಹೇಳಬೇಕು. ಆಗ ಆಕೆಗೆ ವಯಸ್ಸು ಐವತ್ತು ದಾಟಿತ್ತು, ಕೈಯಲ್ಲಿ ಹಣವಿತ್ತು, ದೇಶವೆಲ್ಲ ಬಲ್ಲ ಹೆಸರಿತ್ತು. ಹಾಗಿದ್ದೂ 1998ರಲ್ಲಿ ಜೊತೆಗಾರನೊಬ್ಬ ಆಕೆಯ ಮೇಲೆ ಕೈ ಮಾಡಿದ. ಆಕೆ ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದಳು. ಅವನ ಮನೆಯ ಕಿಟಕಿ ಗಾಜನ್ನು ತಾನು ಒಡೆದದ್ದನ್ನೂ ಮರೆಮಾಚದೆ ಒಪ್ಪಿಕೊಂಡಳು. ಅಪರಾಧ ಸಾಬೀತಾಯಿತು, ಅವನಿಗೆ ಜೈಲಾಗಲಿಲ್ಲ. ಇಡೀ ದೇಶಕ್ಕೆ ಈ ಹಿಂಸೆಯನ್ನು ತೋರಿಸಿಕೊಟ್ಟವಳಿಗೂ ಅದು ತಪ್ಪಲಿಲ್ಲ. ‘ಓದಿದವಳು, ದುಡಿಯುವವಳು ಯಾಕೆ ಸಹಿಸಿಕೊಂಡಳು’ ಎಂದು ಕೇಳುವವರಿಗೆ ನಾನು ಈ ಘಟನೆ ಹೇಳುತ್ತೇನೆ. ಮುಂದೆ ಕ್ಯಾನ್ಸರ್ ಬಂದಾಗ ಆಕೆ ತನ್ನ ಚಿಕಿತ್ಸೆಯನ್ನೇ ಚಿತ್ರೀಕರಿಸಿ, ಉದುರಿದ ಕೂದಲನ್ನೂ ಮುಚ್ಚಿಡದೆ ಟಿವಿಯಲ್ಲಿ ತೋರಿಸಿದಳು. 2009ರ ಜೂನ್ 25ರಂದು ತೀರಿಕೊಂಡಳು. ಫ್ರಾನ್ಸೀನ್ ನರ್ಸ್ ಆಗಿ ದುಡಿದು, 2017ರಲ್ಲಿ ಕಣ್ಮುಚ್ಚಿದಳು.

ಗೆಳತಿಯರೇ, ಈ ದೂರದೇಶದ ಕಥೆಯನ್ನು ನಾನು ಆರಿಸಿಕೊಂಡದ್ದಕ್ಕೆ ನನ್ನದೇ ಒಂದು ಕಾರಣವಿದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಬಿ.ಎ. ಎರಡನೆಯ ವರ್ಷದ ಒಬ್ಬ ಹುಡುಗಿ, ಬೇಸಿಗೆ ರಜೆಯಲ್ಲಿ ಮದುವೆಯಾಗಿ ಕಾಲೇಜಿಗೆ ಬಂದಿದ್ದಳು. ಓದು ಮುಂದುವರಿಸಲು ಗಂಡನ ಮನೆಯವರು ಒಪ್ಪಿದ್ದಾರೆಂದು ನಾವೆಲ್ಲ ಸಂತೋಷಪಟ್ಟಿದ್ದೆವು. ಸೆಕೆಯ ದಿನಗಳಲ್ಲೂ ತುಂಬುತೋಳಿನ ರವಿಕೆ ತೊಡುತ್ತಿದ್ದಳು. ಒಂದು ದಿನ ಹಾಜರಿ ಪುಸ್ತಕದ ಹತ್ತಿರ ಕೈ ಚಾಚಿದಾಗ ತೋಳು ಮೇಲೆ ಸರಿಯಿತು. ಮುಂಗೈಯುದ್ದಕ್ಕೂ ಕಪ್ಪುಗಟ್ಟಿತ್ತು. ‘ಏನಮ್ಮಾ ಇದು?’ ಎಂದೆ. ‘ಬಚ್ಚಲಲ್ಲಿ ಜಾರಿ ಬಿದ್ದೆ ಮೇಡಂ’ ಎಂದಳು. ‘ಹುಷಾರಾಗಿರಬೇಕಮ್ಮ’ ಎಂದು ಹೇಳಿ ನಾನು ಪಾಠ ಶುರು ಮಾಡಿದೆ. ಬಚ್ಚಲಲ್ಲಿ ಬಿದ್ದರೆ ಬೆರಳಿನ ಗುರುತು ಮೂಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಎರಡು ತಿಂಗಳ ನಂತರ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು: ಸ್ಟೌವ್ ಸಿಡಿದು ಗೃಹಿಣಿ ಸಾವು. ಅವಳ ಹೋಂವರ್ಕಿನ ನೋಟ್‌ಬುಕ್ಕು ಇನ್ನೂ ನನ್ನ ಮೇಜಿನ ಮೇಲಿತ್ತು. ಆವತ್ತಿಗೆ 498ಎ ಕಲಂ ಬಂದು ಎಷ್ಟೋ ವರ್ಷವಾಗಿತ್ತು. ವರದಕ್ಷಿಣೆ ಸಾವಿನ 304ಬಿ ಕಲಂ ಕೂಡ 1986ರಲ್ಲೇ ಬಂದಿತ್ತು. ನನಗೆ ಎರಡೂ ತಿಳಿದಿದ್ದವು.

ಎಷ್ಟೋ ವರ್ಷದ ಮೇಲೆ ಈ ಚಿತ್ರ ನೋಡಿದೆ. ‘ನಾವು ಕಣ್ಣಾರೆ ಕಂಡಿಲ್ಲ’ ಎನ್ನುವ ಪೊಲೀಸರು ಬಂದಾಗ ನನಗೆ ಕುಳಿತಿರಲು ಆಗಲಿಲ್ಲ. ಅವರಾದರೂ ಕಂಡಿರಲಿಲ್ಲ. ನಾನು ಕಂಡಿದ್ದೆ.

ಈಗ ಕಾನೂನು ಇನ್ನಷ್ಟು ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ದೂರನ್ನು ಹೊಡೆಸಿಕೊಂಡವಳೇ ಕೊಡಬೇಕೆಂದಿಲ್ಲ, ತಿಳಿದವರು ಯಾರು ಬೇಕಾದರೂ ಮಾಹಿತಿ ಕೊಡಬಹುದು. ಒಳ್ಳೆಯ ಮನಸ್ಸಿನಿಂದ ಹೇಳಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. 2024ರ ಜುಲೈ 1ರಿಂದ 498ಎ ಬದಲಿಗೆ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಂ, 304ಬಿ ಬದಲಿಗೆ 80ನೆಯ ಕಲಂ ಬಂದಿವೆ. ಮಹಿಳಾ ಸಹಾಯವಾಣಿ 181, ತುರ್ತು ಕರೆಗೆ 112. ಇವಿಷ್ಟನ್ನು ಬರೆದುಕೊಂಡು ಹೋಗಿ.

ಮತ್ತೆ ಒಂದು ಮಾತು. ‘ಜಾರಿ ಬಿದ್ದೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಸುಮ್ಮನಾಗಬೇಡಿ. ಪಾಠ ನಿಲ್ಲಲಿ, ಅಡುಗೆ ಸೀಯಲಿ, ಬಸ್ಸು ಹೋಗಲಿ. ಅವಳ ಪಕ್ಕದಲ್ಲಿ ಕುಳಿತು ಇನ್ನೊಂದು ಸಲ ಕೇಳಿ. ನಾನು ಕೇಳಲಿಲ್ಲ.