ಗಂಡಸರಿಗೂ ಬರುವ ಸ್ತನದ ಅರ್ಬುದ

(ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ಸಭೆಯಲ್ಲಿ ಮುಖ್ಯೋಪಾಧ್ಯಾಯರಾದವರು ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡನಿಧಿಯನ್ನೂ ಕುರಿತು ಮಾತನಾಡುವುದು ವಾಡಿಕೆ. ಅವೆರಡನ್ನೂ ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಸವಿಸ್ತಾರವಾಗಿ ನಿವೇದಿಸಿರುವುದರಿಂದ ನಾವು ಬೇರೊಂದು ವಿಷಯವನ್ನೆತ್ತಲು ತಮ್ಮ ಅಪ್ಪಣೆ ಬೇಡುತ್ತೇವೆ. ಇದು ಹತ್ತು ಜನರೆದುರಿಗೆ ಆಡುವ ಮಾತೇ ಎಂದು ಕೆಲವರಿಗೆ ತೋರಬಹುದು. ಆ ಸಂಕೋಚದಿಂದಲೇ ಪ್ರಾಣಕ್ಕೆ ಕುತ್ತು ಬರುವುದುಂಟಾದ್ದರಿಂದ ಆಡದೆ ವಿಧಿಯಿಲ್ಲ.

ಸ್ತನದ ಅರ್ಬುದ, ಎಂದರೆ ಕ್ಯಾನ್ಸರ್, ಕೇವಲ ಹೆಂಗಸರ ರೋಗವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಈ ರೋಗ ತಗುಲಿದ 100 ಮಂದಿಯಲ್ಲಿ ಸುಮಾರು ಒಬ್ಬರು ಗಂಡಸರು. ಗಂಡಸಿನ ಎದೆಯಲ್ಲಿಯೂ ಮೊಲೆತೊಟ್ಟಿನ ಹಿಂದೆ ಅದೇ ಜಾತಿಯ ಅಂಗಾಂಶವೂ ಸೂಕ್ಷ್ಮವಾದ ನಾಳಗಳೂ ಇರುತ್ತವೆ. ಹೆಣ್ಣಿಗೆ ಪ್ರಾಯಕಾಲದಲ್ಲಿ ಅವು ಬೆಳೆಯುತ್ತವೆ, ಗಂಡಿಗೆ ಬೆಳೆಯದೆ ಉಳಿಯುತ್ತವೆ, ಅಷ್ಟೇ ಭೇದ. ಅಂಗಾಂಶವಿದ್ದಲ್ಲಿ ರೋಗಕ್ಕೂ ಎಡೆಯುಂಟು.

ನಮ್ಮ ಭಾಷೆಯೂ ಇಲ್ಲಿ ನಮಗೆ ನೆರವಾಗುವುದಿಲ್ಲ. ಸ್ತನವೆಂಬ ಪದವನ್ನು ಹೆಣ್ಣಿಗೆ ಮೀಸಲಿಟ್ಟಿದ್ದೇವೆ. ಗಂಡಸು ‘ಎದೆಯಲ್ಲಿ ಏನೋ ಇದೆ’ ಎಂದರೆ ಮನೆಯವರು ಹೃದಯದ ಕಾಯಿಲೆಯೆಂದು ಗಾಬರಿಪಡುತ್ತಾರೆ. ಹೆಸರಿಲ್ಲದ ಬೇನೆಯನ್ನು ಯಾರಲ್ಲಿ ಹೇಗೆ ಹೇಳಿಕೊಳ್ಳುವುದು?

ನಮಗೆ ಪರಿಚಿತರಾದ ಹಿರಿಯ ನೇಕಾರರೊಬ್ಬರ ಸಂಗತಿ ಹೀಗೆಯೇ ಆಯಿತು. ಎಡ ಮೊಲೆತೊಟ್ಟಿನ ಕೆಳಗೆ ಹುಣಿಸೆಬೀಜದಷ್ಟು ಗಂಟು, ನೋವಿಲ್ಲ. ಮಗ್ಗದ ಮುಂದಿನ ಮರ ಎದೆಗೆ ತಗುಲಿ ಆದದ್ದೆಂದು ಹರಳೆಣ್ಣೆ ತಿಕ್ಕುತ್ತಾ ಒಂದು ವರುಷ ಕಳೆದರು. ತೊಟ್ಟು ಒಳಕ್ಕೆ ಸೆಳೆದುಕೊಂಡಿತು. ಬನಿಯನ್ನಿನ ಮೇಲೆ ಕಂದುಬಣ್ಣದ ಕಲೆಯನ್ನು ಕಂಡವರು ಬಟ್ಟೆ ಒಗೆಯುತ್ತಿದ್ದ ಸೊಸೆ. ಆಕೆ ಅತ್ತೆಗೆ ಹೇಳಿ, ಅತ್ತೆ ಮಗನಿಗೆ ಹೇಳಿ, ಅಂತೂ ಮುದುಕರನ್ನು ಆಸ್ಪತ್ರೆಗೆ ಹೊರಡಿಸಿದರು. ಅಲ್ಲಿ ಸ್ತನಪರೀಕ್ಷೆಯ ಕೊಠಡಿಯ ಮುಂದೆ ಹೆಂಗಸರ ಸಾಲಿನಲ್ಲಿ ಕುಳಿತಿದ್ದಾಗ ‘ನಿಮ್ಮ ಮನೆಯವರನ್ನು ಒಳಗೆ ಕಳುಹಿಸಿ’ ಎಂದು ಸಿಬ್ಬಂದಿ ಕೂಗಿದರಂತೆ. ಅಪಮಾನವಾಯಿತೆಂದು ಅವರು ಎದ್ದು ಹೊರಟೇಬಿಟ್ಟಿದ್ದರು. ಸೊಸೆ ಬಾಗಿಲಿಗೆ ಅಡ್ಡ ನಿಂತಳು. ಶಸ್ತ್ರಚಿಕಿತ್ಸೆಯಾಗಿ, ಟಮಾಕ್ಸಿಫೆನ್ ಎಂಬ ಗುಳಿಗೆಯನ್ನು ದಿನಕ್ಕೊಂದರಂತೆ ನುಂಗುತ್ತಾ ಇಂದಿಗೂ ಮೊಮ್ಮಕ್ಕಳನ್ನು ಪಾಠಶಾಲೆಯ ಬಾಗಿಲವರೆಗೆ ತಂದು ಬಿಡುತ್ತಿದ್ದಾರೆ. ಸೊಸೆಯಂದಿರನ್ನು ದೂರುವ ಮಾವಂದಿರು ಇದನ್ನು ಕೇಳಿಸಿಕೊಳ್ಳಬೇಕು.

ಆ ಗುಳಿಗೆ ಫಲಿಸುವುದಕ್ಕೆ ಕಾರಣವುಂಟು. ಗಂಡಸರ ಈ ಅರ್ಬುದವು ಹತ್ತರಲ್ಲಿ ಒಂಬತ್ತು ಪಾಲು ಈಸ್ಟ್ರೋಜೆನ್ ಎಂಬ ರಸದ ಬಲದಿಂದ ಬೆಳೆಯುವಂಥದು. ಅದು ಸ್ತ್ರೀರಸವೆಂದು ಹೆಸರಾಗಿದ್ದರೂ ಗಂಡಸರ ದೇಹದಲ್ಲಿಯೂ ಸ್ವಲ್ಪ ಇರುತ್ತದೆ. ಬೊಜ್ಜು ಬೆಳೆದವರಲ್ಲಿ ಹೆಚ್ಚುತ್ತದೆ. ಯಕೃತ್ತು ಕೆಟ್ಟವರಲ್ಲಿಯೂ ಹಾಗೆಯೇ; ಕುಡಿತಕ್ಕೆ ಬಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವುದು 60 ದಾಟಿದ ಮೇಲೆ.

ಇನ್ನು ವಂಶದ ಮಾತು. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಇದೇ. ಬಿ.ಆರ್.ಸಿ.ಎ.2 ಎಂಬ ವಂಶವಾಹಿಯಲ್ಲಿ ದೋಷವಿರುವ 100 ಗಂಡಸರಲ್ಲಿ ಸುಮಾರು ಆರೇಳು ಮಂದಿಗೆ ಜೀವಮಾನದಲ್ಲಿ ಈ ರೋಗ ಬರುತ್ತದೆ. ಆ ದೋಷ ಅವರ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಇಳಿದುಬರುವ ಸಂಭವ ಅರ್ಧದಷ್ಟು. ಹೆಣ್ಣುಮಗಳಿಗೆ ಇಳಿದರೆ ಆಕೆಗೆ ಅಪಾಯ ತಂದೆಗಿಂತ ಎಷ್ಟೋ ಪಾಲು ಹೆಚ್ಚು. ಮಗಳ ಮದುವೆಗೆ ಅಡ್ಡಿಯಾದೀತೆಂದು ತಂದೆ ತನ್ನ ರೋಗವನ್ನು ಮುಚ್ಚಿಡುವುದನ್ನು ನಾವು ಬಲ್ಲೆವು. ಅವರ ಭಯವನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ ಹಾಗೆ ಮುಚ್ಚಿಟ್ಟದ್ದು ಆ ಮಗಳು ಕಾಲಕ್ಕೆ ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳುವ ಅವಕಾಶವನ್ನು. ಮದುವೆ ಮಾಡಿ ಕಳುಹಿಸಿದ ಮೇಲೆ ಆಕೆಗೆ ಅದನ್ನು ಹೇಳುವವರು ಯಾರು?

ಅಮೆರಿಕದ ಸೆನೆಟ್ ಸಭೆಗೆ 1966ರಲ್ಲಿ ಜನರ ಮತದಿಂದ ಆರಿಸಿ ಬಂದ ಎಡ್ವರ್ಡ್ ಬ್ರೂಕ್ ಎಂಬ ಆಫ್ರಿಕಾ ಮೂಲದ ಮಹನೀಯರಿಗೆ 2002ರಲ್ಲಿ, 80 ವರ್ಷ ಕಳೆದ ಮೇಲೆ, ಈ ರೋಗವಿರುವುದು ಗೊತ್ತಾಯಿತು. ಚಿಕಿತ್ಸೆ ಪಡೆದು, ಮರುವರ್ಷ ಪತ್ರಿಕೆಗಳ ಮೂಲಕ ಲೋಕಕ್ಕೆಲ್ಲ ತಿಳಿಸಿದರು. ಅನಂತರ 2015ರವರೆಗೆ ಬಾಳಿದರು.

ಮೂವತ್ತು ದಾಟಿದ ಹೆಂಗಸರಿಗೆ ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಸ್ತನಪರೀಕ್ಷೆಯ ಏರ್ಪಾಡಿದೆ. ಗಂಡಸರಿಗೆ ಅಂಥ ಏರ್ಪಾಡಿಲ್ಲ. ರೋಗ ವಿರಳವಾದ್ದರಿಂದ ಅದು ತಪ್ಪೆಂದು ಹೇಳಲಾಗದು. ಆದ್ದರಿಂದ ಸ್ನಾನ ಮಾಡುವಾಗ ತಮ್ಮ ಎದೆಯನ್ನು ತಾವೇ ಸೋಪಿನ ಕೈಯಿಂದ ತಡವಿ ನೋಡಿಕೊಳ್ಳಬೇಕು. ಗಂಟು, ಒಳಸೇರಿದ ತೊಟ್ಟು, ಒಸರುವ ನೀರು ಅಥವಾ ರಕ್ತ, ಮಾಯದ ಹುಣ್ಣು, ಕಂಕುಳಿನ ಗಡ್ಡೆ ಇವುಗಳಲ್ಲಿ ಯಾವುದು ಕಂಡರೂ ಶಸ್ತ್ರವೈದ್ಯರಲ್ಲಿಗೆ ಹೋಗತಕ್ಕದ್ದು. ನೋವಿಲ್ಲವೆಂಬುದು ಸಮಾಧಾನದ ಮಾತಲ್ಲ.

ಬಾಲಕರ ಪೋಷಕರಿಗೆ ಒಂದು ಮಾತು. 12ರಿಂದ 15 ವರ್ಷದ ಹುಡುಗರಲ್ಲಿ ಅನೇಕರಿಗೆ ಎದೆ ಸ್ವಲ್ಪ ಊದಿ ಮುಟ್ಟಿದರೆ ನೋಯುವುದುಂಟು. ಅದು ಪ್ರಾಯದ ಲಕ್ಷಣ, ಅರ್ಬುದವಲ್ಲ; ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ. ಅಂಥ ಹುಡುಗನನ್ನು ಹಾಸ್ಯಮಾಡುವವರನ್ನು ನಾವು ತರಗತಿಯಲ್ಲಿ ಕ್ಷಮಿಸುವುದಿಲ್ಲ.

ಕುರಿಚಿಯು 2011ರಲ್ಲಿ ಕೊಯಮತ್ತೂರು ನಗರಪಾಲಿಕೆಗೆ ಸೇರಿದೆ. ಉಕ್ಕಡಂ ದಾಟಿದರೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ದೂರವಿಲ್ಲ. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಶ್ರಮದಿಂದ 1954ರಲ್ಲಿ ತೆರೆದ ಅಡಯಾರಿನ ಕ್ಯಾನ್ಸರ್ ಸಂಸ್ಥೆ ಚೆನ್ನೈಯಲ್ಲಿದೆ. ಬೆಂಗಳೂರಿನಲ್ಲಿ ನೆಂಟರಿರುವವರಿಗೆ ಕಿದ್ವಾಯಿ ಸಂಸ್ಥೆಯಿದೆ.

ಸಂಘದವರಲ್ಲಿ ನಮ್ಮದೊಂದು ವಿಜ್ಞಾಪನೆ. ಒಂದು ಭಾನುವಾರ ಶಸ್ತ್ರವೈದ್ಯರೊಬ್ಬರನ್ನು ಕರೆಸಿ, 50 ದಾಟಿದ ನಮ್ಮ ಗಂಡಸರು ಅವರೊಡನೆ ಏಕಾಂತದಲ್ಲಿ ಮಾತನಾಡುವಂತೆ ಏರ್ಪಡಿಸಬೇಕು. ಪಾಠಶಾಲೆಯ ಕೊಠಡಿಯೊಂದನ್ನು ತೆರವು ಮಾಡಿಸಿ ಬಾಗಿಲಿಗೆ ಪರದೆ ಕಟ್ಟಿಸುವ ಹೊಣೆ ನಮ್ಮದು.