ಬೈಚಪ್ಪ ಉಳಿಸಿದ ತಲೆ



ಕೊಪ್ಪಳಕ್ಕೂ ಗಂಗಾವತಿಗೂ ನಡುವೆ, ಜಬ್ಬಲಗುಡ್ಡದ ಬಳಿಯ ಬಂಡೆಗಲ್ಲಿನ ಬೆಟ್ಟಗಳಲ್ಲಿ, ಕುಮ್ಮಟದುರ್ಗದ ಹಾಳು ಕೋಟೆಯಿದೆ. ಇಂದು ಅಲ್ಲಿ ಕುರಿ ಮೇಯಿಸುವವರ ಕೂಗಿನ ಹೊರತು ಬೇರೆ ಸದ್ದು ಕಡಿಮೆ. ಆದರೆ ಹದಿನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ ಕಂಪಿಲರಾಯನ ರಾಜ್ಯಕ್ಕೆ ಇದೇ ಬೆನ್ನೆಲುಬು. ತುಂಗಭದ್ರೆಯ ದಕ್ಷಿಣಕ್ಕೆ ಕಂಪಿಲಿ, ಉತ್ತರಕ್ಕೆ ಕುಮ್ಮಟ ಮತ್ತು ಹೇಮಗುಡ್ಡ. ಈ ರಾಜ್ಯ ಬಾಳಿದ್ದು ಅಲ್ಪಕಾಲ. ಆದರೂ ಅದರ ರಾಜಕುಮಾರನೊಬ್ಬನ ನೆನಪು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳನ್ನು ದಾಟಿ ಮಲೆನಾಡಿನವರೆಗೂ ಹಬ್ಬಿತು. ಅವನೇ ಗಂಡುಗಲಿ ಕುಮಾರರಾಮ, ಪರನಾರೀ ಸಹೋದರನೆಂಬ ಬಿರುದನ್ನು ಪಡೆದವನು.

ಹದಿನಾರನೆಯ ಶತಮಾನದ ಕವಿ ನಂಜುಂಡ ಈ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದ್ದಾನೆ. ಜನಪದರು ತಮ್ಮದೇ ರೀತಿಯಲ್ಲಿ ಹಾಡಿಕೊಂಡು ಬಂದಿದ್ದಾರೆ. ಹೇಳುವವರಿಂದ ಹೇಳುವವರಿಗೆ ವಿವರಗಳು ಬೇರೆಯಾದರೂ ಕಥೆಯ ತಿರುಳು ಒಂದೇ. ರಾಮನಿಗೆಂದು ನೋಡಿದ ರತ್ನಾಜಿ ಎಂಬ ಕನ್ಯೆಯನ್ನು ಮುದಿಪ್ರಾಯದ ಕಂಪಿಲನು ತಾನೇ ವರಿಸುತ್ತಾನೆ. ಒಂದು ದಿನ ರಾಮನು ಗೆಳೆಯರೊಡನೆ ಆಡುತ್ತಿದ್ದ ಚೆಂಡು ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ಅದನ್ನು ತರಲು ಹೋದ ರಾಮನನ್ನು ಆಕೆ ಬಯಸುತ್ತಾಳೆ. ಅವನು ತಾಯಿಯೆಂದು ಕರೆದು ಕೈ ಬಿಡಿಸಿಕೊಂಡು ಬರುತ್ತಾನೆ. ಆಕೆ ಗಂಡನಲ್ಲಿಗೆ ಹೋಗಿ, ಮಗನೇ ತನ್ನ ಮೇಲೆ ಕೈಮಾಡಿದನೆಂದು ದೂರುತ್ತಾಳೆ. ರಾಯನು ವಿಚಾರಿಸುವುದಿಲ್ಲ, ಮಗನನ್ನು ಕರೆಸಿ ಒಂದು ಮಾತು ಕೇಳುವುದಿಲ್ಲ. ಮಂತ್ರಿ ಬೈಚಪ್ಪನನ್ನು ಕರೆದು, ರಾಮನ ತಲೆಯನ್ನು ತರಿಸು ಎಂದು ಅಪ್ಪಣೆ ಕೊಡುತ್ತಾನೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಕಂಪಿಲನು ಕಂಡೂ ಇರಲಿಲ್ಲ, ಪ್ರಮಾಣಿಸಿಯೂ ನೋಡಲಿಲ್ಲ. ನೋಡಿದವನು ಬೈಚಪ್ಪ. ಅವನು ರಾಮನನ್ನು ನೆಲಮನೆಯಲ್ಲಿ ಅಡಗಿಸಿ, ಅವನನ್ನು ಹೋಲುವ ಬೇರೊಬ್ಬನ ತಲೆಯನ್ನು ತಂದು ರಾಯನಿಗೆ ತೋರಿಸುತ್ತಾನೆ. ಅರಮನೆ ಅಳುತ್ತದೆ, ಊರು ಅಳುತ್ತದೆ. ರಾಮನು ಬದುಕಿರುವುದು ಬಲ್ಲವರು ಕೆಲವರು ಮಾತ್ರ.

ಇಂಥ ಕಥೆ ನಮ್ಮಲ್ಲಿ ಮಾತ್ರ ಹುಟ್ಟಿತೆಂದು ಭಾವಿಸಬೇಕಾಗಿಲ್ಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಲ್ಲಿ ಅಶೋಕನ ಶಾಸನಗಳಿವೆಯಷ್ಟೆ. ಆ ಅಶೋಕನ ಮಗ ಕುಣಾಲನ ವಿಷಯದಲ್ಲಿಯೂ ಬೌದ್ಧರು ಇಂಥದೇ ಕಥೆ ಹೇಳುತ್ತಾರೆ. ಮಲತಾಯಿ ತಿಷ್ಯರಕ್ಷಿತೆಯ ಬಯಕೆಗೆ ಒಪ್ಪದ ಕುಣಾಲನು, ಆಕೆ ಕಪಟದಿಂದ ಅರಸನ ಹೆಸರಿನಲ್ಲಿ ಕಳುಹಿಸಿದ ಆಜ್ಞೆಯ ಫಲವಾಗಿ ಎರಡು ಕಣ್ಣುಗಳನ್ನೂ ಕಳೆದುಕೊಂಡನು. ಆಂಧ್ರದವರ ಸಾರಂಗಧರನ ಕಥೆಯೂ ಇದೇ ಜಾಡಿನದು. ಕುಣಾಲನಿಗೆ ದೊರೆಯದಿದ್ದುದು ರಾಮನಿಗೆ ದೊರೆಯಿತು. ಆಜ್ಞೆಗೂ ಕತ್ತಿಗೂ ನಡುವೆ ನಿಂತು, ಸ್ವಲ್ಪ ತಾಳು ಎಂದು ತನಗೆ ತಾನೇ ಹೇಳಿಕೊಂಡ ಒಬ್ಬ ಮನುಷ್ಯ ದೊರೆತನು.

ಇನ್ನೂ ದೂರಕ್ಕೆ, ಚೀನಾ ದೇಶಕ್ಕೆ ಹೋಗೋಣ. ಕುಮ್ಮಟದ ಕಾಲಕ್ಕೆ ತುಸು ಹಿಂದೆ, ಹದಿಮೂರನೆಯ ಶತಮಾನದಲ್ಲಿ, ಅಲ್ಲಿ ಮಂಗೋಲ ಚಕ್ರವರ್ತಿಗಳು ಆಳುತ್ತಿದ್ದಾಗ, ಜಿ ಜುನ್‌ಷಿಯಾಂಗ್ ಎಂಬ ನಾಟಕಕಾರನು ಝಾವೋ ಮನೆತನದ ಅನಾಥ ಶಿಶುವಿನ ಕಥೆಯನ್ನು ರಂಗಕ್ಕೆ ತಂದನು. ಆಸ್ಥಾನದ ಕುಟಿಲ ಅಧಿಕಾರಿಯೊಬ್ಬ ಸುಳ್ಳು ದೂರು ಹೇಳಿ ಒಂದು ಮನೆತನವನ್ನೇ ಕೊಲ್ಲಿಸುತ್ತಾನೆ. ಒಂದು ಶಿಶು ಮಾತ್ರ ಉಳಿಯುತ್ತದೆ. ಚೆಂಗ್ ಯಿಂಗ್ ಎಂಬವನು ಆ ಶಿಶುವಿನ ಬದಲಿಗೆ ಬೇರೊಂದು ಶಿಶುವನ್ನು ಬಲಿಗೊಟ್ಟು ಅದನ್ನು ಕಾಪಾಡುತ್ತಾನೆ. ಶಿಶು ಬೆಳೆದು ದೊಡ್ಡವನಾಗಿ ಶತ್ರುವಿನ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ. ಈ ಕಥೆಯನ್ನು ಬಹು ಹಿಂದೆಯೇ ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದನು. ಅವನ ಬರಹದಲ್ಲಿ ಬಲಿಯಾದ ಶಿಶು ಯಾರದೋ ಮಗು. ನಾಟಕಕಾರನು ಅದನ್ನು ಚೆಂಗ್ ಯಿಂಗನ ಸ್ವಂತ ಮಗುವನ್ನಾಗಿ ಮಾಡಿದನು. 1755ರಲ್ಲಿ ಫ್ರಾನ್ಸಿನ ವಾಲ್ಟೇರ್ ಕೂಡ ಈ ಕಥೆಯ ಆಧಾರದ ಮೇಲೆ ನಾಟಕ ಬರೆದನು.

ನಾಟಕಕಾರನು ಮಾಡಿದ ಆ ಬದಲಾವಣೆಯನ್ನು ನಾವು ಗಮನಿಸಬೇಕು. ಒಬ್ಬನ ಪ್ರಾಣ ಉಳಿಸಲು ಇನ್ನೊಬ್ಬನ ಪ್ರಾಣ ಕೊಟ್ಟರೆ, ಕೊಟ್ಟವನು ತನ್ನದನ್ನು ಕೊಡಬೇಕಲ್ಲದೆ ಪರರದನ್ನು ಕೊಡಬಾರದೆಂದು ಅವನಿಗೆ ತೋರಿರಬೇಕು. ಈ ದೃಷ್ಟಿಯಿಂದ ನಮ್ಮ ಕಥೆಯ ಕಡೆಗೆ ತಿರುಗಿದರೆ ಮನಸ್ಸಿಗೆ ಒಂದು ಕಸಿವಿಸಿ ಉಂಟಾಗುತ್ತದೆ. ಬೈಚಪ್ಪನು ರಾಯನಿಗೆ ತೋರಿಸಿದ ಆ ತಲೆ ಯಾರದು? ಅವನಿಗೂ ಒಬ್ಬ ತಾಯಿ ಇದ್ದಳಲ್ಲವೇ? ರಾಮನ ಹೆಸರು, ಬೈಚಪ್ಪನ ಹೆಸರು, ರತ್ನಾಜಿಯ ಹೆಸರು ಕೂಡ ನಮ್ಮ ನಾಲಗೆಯ ಮೇಲಿವೆ. ಅವನ ಹೆಸರಿಲ್ಲ. ಅನ್ಯಾಯದಿಂದ ಒಬ್ಬನನ್ನು ಬಿಡಿಸಲು ಹೋದಾಗ ಇನ್ನೊಂದು ಅನ್ಯಾಯ ನಡೆದುಹೋಯಿತು. ತಪ್ಪು ಬೈಚಪ್ಪನದು ಮಾತ್ರವೆಂದು ನಾನು ಹೇಳಲಾರೆ. ವಿಚಾರಿಸದೆ ತಲೆ ಕೇಳುವ ಅರಸನಿರುವಲ್ಲಿ ಯಾವುದಾದರೊಂದು ತಲೆ ಉರುಳಲೇಬೇಕಾಗುತ್ತದೆ. ಒಳ್ಳೆಯ ಮಂತ್ರಿಯ ಕೈಯೂ ಅಲ್ಲಿ ಶುಚಿಯಾಗಿ ಉಳಿಯುವುದಿಲ್ಲ.

ಇನ್ನು ಸೇಡಿನ ಮಾತು. ನೆಲಮನೆಯಲ್ಲಿ ಕುಳಿತ ರಾಮನಿಗೆ ಸೇಡಿನ ದಾರಿ ತಾನಾಗಿಯೇ ತೆರೆಯಿತು. ಅವನು ಸತ್ತನೆಂಬ ಸುದ್ದಿ ಕೇಳಿ ದಿಲ್ಲಿಯ ಸೈನ್ಯ ಕುಮ್ಮಟಕ್ಕೆ ಮುತ್ತಿಗೆ ಹಾಕಿತು. ತಲೆ ಕಡಿಯಹೇಳಿದ ತಂದೆ ಈಗ ಮಗನಿಲ್ಲದೆ ಗೋಳಿಡುತ್ತಿದ್ದಾನೆ. ರಾಮನು ಏನನ್ನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಕುಳಿತಿದ್ದರೆ ಸಾಕಾಗಿತ್ತು, ಶತ್ರುವೇ ಅವನ ಸೇಡನ್ನು ತೀರಿಸುತ್ತಿದ್ದನು. ಆದರೆ ಬೈಚಪ್ಪನು ನೆಲಮನೆಯ ಬಾಗಿಲು ತೆರೆದಾಗ ರಾಮನು ಕತ್ತಿ ಹಿಡಿದು ಹೊರಬಂದದ್ದು ಕೋಟೆಯ ಹೊರಗಿದ್ದ ಸೈನ್ಯದ ಮೇಲೆ. ತಂದೆಯ ತಪ್ಪಿಗೆ ಊರಿನ ಜನ ಏಕೆ ಸಾಯಬೇಕು ಎಂಬ ವಿವೇಕ ಅವನಲ್ಲಿತ್ತು. ಮುತ್ತಿಗೆ ಮುರಿಯಿತು. ರಾಮನು ಬದುಕಿರುವನೆಂದು ತಿಳಿದ ರತ್ನಾಜಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು. ಆಕೆಯನ್ನು ದಂಡಿಸಲು ಅವನು ಕೈಯೆತ್ತಲಿಲ್ಲ. ಚೀನಾದ ಅನಾಥನ ಕಥೆ ಶತ್ರುವಿನ ರಕ್ತದಲ್ಲಿ ಮುಗಿಯುತ್ತದೆ. ನಮ್ಮ ರಾಮನ ಕಥೆ ತನಗೆ ಅನ್ಯಾಯ ಮಾಡಿದವರ ಬಾಗಿಲನ್ನು ಕಾಯುವುದರಲ್ಲಿ ಮುಂದುವರಿಯುತ್ತದೆ.

ಮುಂದಿನ ಕಥೆ ದುಃಖದ್ದು. ದಿಲ್ಲಿಯ ದಂಡು ಮತ್ತೆ ಬಂದಾಗ ಮಾತಂಗಿಯೆಂಬ ವೀರಸ್ತ್ರೀಯ ಮುಂದಾಳುತನದ ಯುದ್ಧದಲ್ಲಿ ರಾಮನು ಮಡಿದನೆಂದೂ, ಅವನ ತಲೆಯನ್ನು ದಿಲ್ಲಿಗೆ ಒಯ್ದರೆಂದೂ ಹಾಡುಗಳು ಹೇಳುತ್ತವೆ. ಮೊದಲ ಸಲ ಅರಮನೆಗೆ ಬಂದದ್ದು ಸುಳ್ಳು ತಲೆ, ಎರಡನೆಯ ಸಲ ದಿಲ್ಲಿಗೆ ಹೋದದ್ದು ನಿಜವಾದ ತಲೆ. ಮಲೆನಾಡಿನ ಕೆಲವು ಊರುಗಳಲ್ಲಿ ಇಂದಿಗೂ ಮರದಲ್ಲಿ ಕೆತ್ತಿದ ಕುಮಾರರಾಮನ ಮುಖವನ್ನು ಪೂಜಿಸುವ ರೂಢಿಯಿದೆ.

ಇತಿಹಾಸ ಏನು ಹೇಳುತ್ತದೆಯೆಂದು ಕೇಳುವವರಿಗೂ ಉತ್ತರ ಕೊಡಬೇಕು. ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಶಾಸ್ಪ್ ತನ್ನ ಬಂಧುವಾದ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಮೇಲೆ ದಂಗೆಯೆದ್ದು, ಸೋತು, ಕಂಪಿಲನಲ್ಲಿ ಆಶ್ರಯ ಬೇಡಿದನು. ಕಂಪಿಲನು ಅವನನ್ನು ಒಪ್ಪಿಸಲಿಲ್ಲ. 1327ರ ಸುಮಾರಿಗೆ, ಹಲವು ದಾಳಿಗಳ ಬಳಿಕ, ರಾಜ್ಯ ನಾಶವಾಯಿತು. ಸೋಲು ಖಚಿತವಾದಾಗ ಕಂಪಿಲನು ಆಶ್ರಿತನನ್ನು ಬೇರೊಬ್ಬ ಅರಸನಲ್ಲಿಗೆ ಕಳುಹಿಸಿ, ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದ ಮೇಲೆ, ತಾನು ಹೋರಾಡಿ ಸತ್ತನೆಂದು ಪ್ರವಾಸಿ ಇಬ್ನ್ ಬತೂತಾ ಬರೆದಿದ್ದಾನೆ. ಸೆರೆಯಾದ ರಾಜಕುಮಾರರಲ್ಲಿ ಮೂವರನ್ನು ಅವನು ಸುಲ್ತಾನನ ಆಸ್ಥಾನದಲ್ಲಿ ಕಂಡಿದ್ದನು. ರತ್ನಾಜಿಯ ದೂರು, ನೆಲಮನೆ, ಬೇರೊಬ್ಬನ ತಲೆ, ಇವು ಅವನ ಬರಹದಲ್ಲಿಲ್ಲ. ಇವು ಹಾಡಿನ ಸತ್ಯಗಳು. ಕಂಪಿಲಿ ಬಿದ್ದ ಹತ್ತು ವರ್ಷಗಳೊಳಗೆ, 1336ರಲ್ಲಿ, ಅದೇ ತುಂಗಭದ್ರೆಯ ದಡದಲ್ಲಿ ವಿಜಯನಗರ ತಲೆಯೆತ್ತಿತೆಂಬುದು ಎಲ್ಲರೂ ಬಲ್ಲ ಸಂಗತಿ.

ಆದರೂ ಒಂದು ಮಾತು ವಿಚಾರಯೋಗ್ಯವಾಗಿದೆ. ಇತಿಹಾಸದ ಕಂಪಿಲನು ಆಶ್ರಯ ಬೇಡಿ ಬಂದ ಪರದೇಶಿಗಾಗಿ ರಾಜ್ಯವನ್ನೂ ಪ್ರಾಣವನ್ನೂ ಕೊಟ್ಟ ದೊಡ್ಡ ಮನುಷ್ಯ. ಹಾಡಿನ ಕಂಪಿಲನು ಸ್ವಂತ ಮಗನಿಗೆ ಒಂದು ಪ್ರಶ್ನೆಯ ಆಶ್ರಯವನ್ನೂ ಕೊಡದವನು. ಇಬ್ಬರೂ ಒಬ್ಬನೇ ಆಗಿರುವುದು ಅಸಾಧ್ಯವೇನಲ್ಲ. ಹೊರಗಿನವರಿಗೆ ಉದಾರಿಗಳಾಗಿ ಮನೆಯವರ ಮಾತಿಗೆ ಕಿವುಡರಾಗುವವರನ್ನು ನಾವು ನಿತ್ಯವೂ ಕಾಣುತ್ತೇವೆ. ಅರಮನೆಯಲ್ಲಿ ನಡೆದದ್ದು ನಮ್ಮ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ನಡೆಯುತ್ತದೆ. ಯಾರೋ ಯಾರ ಮೇಲೋ ಹೇಳಿದ ಮಾತನ್ನು ನಂಬಿ, ಆರೋಪಿಯನ್ನು ಕರೆದು ಕೇಳದೆ, ನಾವೂ ತೀರ್ಪು ಕೊಟ್ಟುಬಿಡುತ್ತೇವೆ. ಕತ್ತಿ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಅಂಥ ಗಳಿಗೆಯಲ್ಲಿ ಎಲ್ಲರೂ ಕುಮಾರರಾಮರಾಗುವುದು ಸಾಧ್ಯವಿಲ್ಲ. ಬೈಚಪ್ಪನ ತಾಳ್ಮೆ ಮಾತ್ರ ಎಲ್ಲರಿಗೂ ಸಾಧ್ಯ. ಅಪ್ಪಣೆ ಬಂದಾಗ ಒಂದು ರಾತ್ರಿ ತಡೆಯುವುದು, ಹೇಳಿದವರ ಮಾತಿನಂತೆಯೇ ಹೇಳಿಸಿಕೊಂಡವರ ಮಾತನ್ನೂ ಕೇಳುವುದು, ಇದಕ್ಕೆ ಬಾಹುಬಲ ಬೇಕಿಲ್ಲ. ಹಾಗೆ ತಡೆಯುವಾಗ ಇನ್ನೊಬ್ಬ ನಿರಪರಾಧಿಯ ತಲೆ ಉರುಳದಂತೆ ನೋಡಿಕೊಂಡರೆ, ಬೈಚಪ್ಪನಿಂದ ಆಗದೆ ಉಳಿದ ಕೆಲಸವನ್ನು ನಾವು ಪೂರ್ಣ ಮಾಡಿದಂತಾಗುತ್ತದೆ. ಮುಂದೆ ನೀವು ಕುಮ್ಮಟಕ್ಕೆ ಹೋದಾಗ ಗಂಡುಗಲಿಯನ್ನು ಸ್ಮರಿಸಿ, ಅವನ ಮಂತ್ರಿಯನ್ನೂ ಸ್ಮರಿಸಿ. ಹೆಸರು ತಿಳಿಯದ ಆ ಮೂರನೆಯವನಿಗೂ ಒಂದು ಕ್ಷಣ ಕೈಮುಗಿಯಿರಿ. ರಾಮನು ಉಳಿದದ್ದು ಅವನ ಋಣದಿಂದ.