‘ಹಲ್ಲು ಚೆನ್ನಾಗಿದೆ’ ಅಂದಿದ್ದೆ, ಆದ್ರೆ ನಾಳೆಯ ಬಗ್ಗೆ ಕೇಳಲೇ ಇಲ್ಲ

ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಟೀ ಇಟ್ಕೊಂಡು ಕೇಳ್ತಿದ್ದೀರಾ? ಇರಲಿ, ಕುಡೀರಿ. ಆ ಟೀ ವಿಷಯಕ್ಕೆ ಆಮೇಲೆ ಬರ್ತೀನಿ.

ನಾನು ದಂತವೈದ್ಯೆ. ಕೆಲವು ವರ್ಷಗಳ ಹಿಂದೆ ನನ್ನ ಕ್ಲಿನಿಕ್‌ಗೆ ಒಬ್ಬರು ಬಂದ್ರು. 26 ವರ್ಷ, ನೈಟ್ ಶಿಫ್ಟ್ ಕೆಲಸ. ಬಾಯಿ ನೋಡಿದೆ. ಹಳೇ ಫಿಲ್ಲಿಂಗ್ ಎರಡು, ಹೊಸ ಹುಳುಕು ಒಂದೂ ಇಲ್ಲ. ‘ಎಲ್ಲ ಚೆನ್ನಾಗಿದೆ, ಒಂದು ವರ್ಷ ಬಿಟ್ಟು ಬನ್ನಿ’ ಅಂದೆ. ಒಂದೂವರೆ ವರ್ಷಕ್ಕೆ ಬಂದಾಗ ನಾಲ್ಕು ಹಲ್ಲು ಹುಳುಕಾಗಿತ್ತು. ಒಂದಕ್ಕೆ ರೂಟ್ ಕೆನಾಲ್. ‘ಮೇಡಂ, ಚೆನ್ನಾಗಿದೆ ಅಂದಿದ್ರಲ್ಲ?’ ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಸುಳ್ಳು ಹೇಳಿರಲಿಲ್ಲ ನಾನು. ಅವತ್ತು ಹಲ್ಲು ಚೆನ್ನಾಗೇ ಇತ್ತು. ಆದರೆ ಮುಂದೆ ಹುಳುಕಾಗುವ ಸಾಧ್ಯತೆ ಎಷ್ಟು ಅಂತ ಅಳೆಯೋದು ಬೇರೆಯದೇ ಕೆಲಸ. ಅದಕ್ಕೆ ಕನ್ನಡಿ, ಟಾರ್ಚ್ ಸಾಲದು, ಪ್ರಶ್ನೆ ಕೇಳಬೇಕು. ಅವರು ಖಿನ್ನತೆಗೆ ಮಾತ್ರೆ ಶುರು ಮಾಡಿ ಆರು ತಿಂಗಳಾಗಿತ್ತಂತೆ. ಹೇಳೋಕೆ ಅವರಿಗೆ ಸಂಕೋಚ, ನಾನಂತೂ ಕೇಳಲೇ ಇಲ್ಲ. ಇಂಥ ಹಲವು ಮಾತ್ರೆಗಳು ಬಾಯಿ ಒಣಗಿಸ್ತವೆ. ಕೆಲವು ಅಲರ್ಜಿ ಮಾತ್ರೆಗಳೂ ಅಷ್ಟೇ. ಹಾಗಂತ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ದಂತವೈದ್ಯರಿಗೆ ಹೇಳಿ, ಅಷ್ಟು ಸಾಕು.

ಬಾಯಿ ಒಣಗಿದ್ರೆ ಏನಾಗುತ್ತೆ? ಸಕ್ಕರೆ ತಿಂದ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮೆಲ್ ಕರಗೋಕೆ ಶುರು. ಅದನ್ನು ಮತ್ತೆ ಮೇಲೆತ್ತೋದು ಎಂಜಲು. ಸಾಮಾನ್ಯವಾಗಿ ಅದಕ್ಕೆ ಅರ್ಧ ಗಂಟೆಯಾದ್ರೂ ಬೇಕು. ಈಗ ಟೀ ವಿಷಯ. ಎರಡು ಚಮಚ ಸಕ್ಕರೆಯ ಟೀ ಐದು ನಿಮಿಷದಲ್ಲಿ ಕುಡಿದರೆ ಒಂದು ದಾಳಿ. ಅದನ್ನೇ ಫ್ಲಾಸ್ಕ್‌ನಲ್ಲಿ ಇಟ್ಕೊಂಡು ರಾತ್ರಿಯಿಡೀ ಗುಟುಕು ಗುಟುಕಾಗಿ ಹೀರಿದ್ರೆ? ಹಲ್ಲಿಗೆ ಸುಧಾರಿಸಿಕೊಳ್ಳೋಕೆ ಬಿಡುವೇ ಇಲ್ಲ. ಇವರು ಮಾಡ್ತಿದ್ದದ್ದು ಅದನ್ನೇ.

ಎಷ್ಟು ತಿಂತೀರಿ ಅನ್ನೋದಕ್ಕಿಂತ ಎಷ್ಟು ಸಲ ತಿಂತೀರಿ ಅನ್ನೋದು ಮುಖ್ಯ. ಇದನ್ನು ತೋರಿಸಿದ್ದು 1940ರ ದಶಕದಲ್ಲಿ ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ಶುರುವಾದ ಅಧ್ಯಯನ. ಊಟದ ಮಧ್ಯೆ ಅಂಟಂಟು ಟಾಫಿ ತಿಂದವರ ಹಲ್ಲು ತೀರಾ ಹಾಳಾಯ್ತು. ಆದರೆ ಆ ಟಾಫಿ ಕೊಟ್ಟಿದ್ದು ಬುದ್ಧಿಮಾಂದ್ಯರಿಗೆ, ಅವರ ಒಪ್ಪಿಗೆ ಇಲ್ಲದೆ. ನಾವು ಇವತ್ತು ಧೈರ್ಯವಾಗಿ ಹೇಳೋ ಸಲಹೆಯ ಹಿಂದೆ ಅವರ ಹಲ್ಲುಗಳಿವೆ. ಪಾಠ ಹೇಳುವಾಗ ಇದನ್ನು ಬಿಟ್ಟು ಹೇಳೋಕೆ ನನಗೆ ಮನಸ್ಸಾಗಲ್ಲ.

ಮುಂದೆ ಅದೇ ದೇಶದ ಮಾಲ್ಮೋದಲ್ಲಿ ಡಗ್ಲಾಸ್ ಬ್ರಾಥಲ್ ‘ಕ್ಯಾರಿಯೋಗ್ರಾಮ್’ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ ರೂಪಿಸಿದ್ರು. ಆಹಾರ, ಬ್ಯಾಕ್ಟೀರಿಯಾ, ಎಂಜಲು, ಫ್ಲೋರೈಡ್, ಹಳೇ ಹುಳುಕು, ಬೇರೆ ಕಾಯಿಲೆ, ಎಲ್ಲ ತುಂಬಿದ್ರೆ ಒಂದು ವೃತ್ತಚಿತ್ರ ಬರುತ್ತೆ. ಅದರಲ್ಲಿ ಹಸಿರು ಭಾಗ ಅಂದ್ರೆ ಹೊಸ ಹುಳುಕು ತಪ್ಪಿಸಿಕೊಳ್ಳೋ ಅವಕಾಶ. ಜಾತಕ ಅಲ್ಲ ಇದು. ಜಾತಕದಲ್ಲಿ ಗ್ರಹ ಬದಲಾಯಿಸೋಕಾಗಲ್ಲ, ಇಲ್ಲಿ ಟೀ ಬದಲಾಯಿಸಬಹುದು. ಸಾಫ್ಟ್‌ವೇರ್ ಇಲ್ಲದಿದ್ರೂ ಎರಡು ಸುಳಿವು ಬಿಡಬಾರದು: ಈಚೆಗೆ ಆದ ಹುಳುಕು, ಮತ್ತು ಒಸಡಿನ ಹತ್ತಿರ ಸುಣ್ಣ ಬಳಿದಂಥ ಬಿಳಿ ಕಲೆ. ಆ ಕಲೆ ಇನ್ನೂ ಗುಂಡಿಯಾಗಿಲ್ಲ ಅಂದ್ರೆ ಡ್ರಿಲ್ ಬೇಕಿಲ್ಲ, ಫ್ಲೋರೈಡ್‌ನಿಂದ ಅಲ್ಲಿಗೇ ನಿಲ್ಲಿಸಬಹುದು.

ಪಾವಗಡ, ಕೋಲಾರದ ಕಡೆಯವರು ಫ್ಲೋರೈಡ್ ಅಂದ ತಕ್ಷಣ ಹೆದರ್ತಾರೆ. ನ್ಯಾಯವೇ. ಅಲ್ಲಿ ಅದು ವರ್ಷಗಟ್ಟಲೆ ಬೋರ್‌ವೆಲ್ ನೀರಿನ ಜೊತೆ ಹೊಟ್ಟೆಗೇ ಹೋಗಿದೆ. ಪೇಸ್ಟ್ ನುಂಗೋದಲ್ಲ, ಉಗುಳೋದು. ಉಗುಳಿದ ಮೇಲೆ ನೀರು ಹಾಕಿ ಮುಕ್ಕಳಿಸಬೇಡಿ, ಫ್ಲೋರೈಡ್ ತೊಳೆದುಹೋಗಿ ಕಡಿಮೆಯಾಗುತ್ತೆ.

ಅವರು ಈಗ ಮೂರು ತಿಂಗಳಿಗೊಮ್ಮೆ ಬರ್ತಾರೆ. ಮಾತ್ರೆ ನಡೀತಿದೆ. ಹೊಸ ಹುಳುಕು ಆಗಿಲ್ಲ, ಒಂದು ಬಿಳಿ ಕಲೆ ಇದ್ದಲ್ಲೇ ನಿಂತಿದೆ. ಟೀಗೆ ಈಗಲೂ ಎರಡು ಚಮಚ ಸಕ್ಕರೆನೇ. ಫ್ಲಾಸ್ಕ್‌ನಲ್ಲಿ ಮಾತ್ರ ನೀರು.